ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸೀಟಿಗೆ 16 ಲಕ್ಷ ಸಾಲ, ಇಲ್ಲಾ ದಾವಣಗೆರೆಯಲ್ಲೇ ಸಿಇಟಿ ಸೀಟು?

ಚನ್ನಗಿರಿ_ತೋಟ ಕೇಳಿದ್ದು:

ತಂಗಿಗೆ ಸಿಇಟಿಯಲ್ಲಿ ದಾವಣಗೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಎಲೆಕ್ಟ್ರಾನಿಕ್ಸ್ (ಇಸಿ) ಸೀಟು ಸಿಕ್ಕಿದೆ. ಎಲ್ಲಾ ಸೇರಿ ವರ್ಷಕ್ಕೆ 1.1 ಲಕ್ಷ ಆಗುತ್ತೆ ಅಂದಿದ್ದಾರೆ. ಅತ್ತೆಯ ಮನೆ ದಾವಣಗೆರೆಯಲ್ಲೇ ಇರೋದ್ರಿಂದ ಹಾಸ್ಟೆಲ್ ಖರ್ಚು ಇಲ್ಲ. ಆದರೆ ಅವಳಿಗೆ ಕಂಪ್ಯೂಟರ್ ಸೈನ್ಸ್ (ಸಿಎಸ್) ಬೇಕು. ಬೆಂಗಳೂರಿನ ಹೊರವಲಯದ ಕಾಲೇಜೊಂದು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸಿಎಸ್ ಕೊಡುತ್ತೆ. ಫೀಸು ವರ್ಷಕ್ಕೆ 4 ಲಕ್ಷ, ಹಾಸ್ಟೆಲ್ ಮತ್ತು ಊಟಕ್ಕೆ 1.4 ಲಕ್ಷ. ಅವರ ಪುಸ್ತಿಕೆಯಲ್ಲಿ "ಸರಾಸರಿ ಪ್ಯಾಕೇಜ್ 7 ಲಕ್ಷ, ಅತಿ ಹೆಚ್ಚು 42 ಲಕ್ಷ, ಪ್ಲೇಸ್‌ಮೆಂಟ್ 92%" ಅಂತ ಹಾಕಿದ್ದಾರೆ.

ಮನೆಗೆ 4 ಎಕರೆ ಜಮೀನು, ಅದರಲ್ಲಿ ಎರಡೂವರೆ ಎಕರೆ ಅಡಿಕೆ. ಆದಾಯ ಪ್ರಮಾಣಪತ್ರದಲ್ಲಿ 4 ಲಕ್ಷ ಇದೆ. ಸೊಸೈಟಿಯಲ್ಲಿ ಬೆಳೆ ಸಾಲವೂ ಇದೆ. ತಮ್ಮ ಈಗ ಒಂಬತ್ತನೇ ಕ್ಲಾಸು. ಜಮೀನು ಅಡವಿಟ್ಟಾದರೂ ಓದಿಸ್ತೀನಿ ಅಂತಾರೆ ಅಪ್ಪ. 16 ಲಕ್ಷ ಸಾಲ ಸಿಗುತ್ತಾ, ಕಂತು ಎಷ್ಟು ಬರುತ್ತೆ, ಆ ಪ್ಲೇಸ್‌ಮೆಂಟ್ ಅಂಕಿ ನಂಬಬಹುದಾ, ಇಸಿ ಬಿಟ್ಟು ಸಿಎಸ್‌ಗೆ ಹೋಗೋಕೆ ಇಷ್ಟು ದುಡ್ಡು ಹಾಕೋದು ಸರೀನಾ? ಗೊತ್ತಿದ್ದವರು ಲೆಕ್ಕ ಸಮೇತ ಹೇಳಿ. ಸಿಇಟಿ ಸೀಟು ಹಂಚುವ ಕೆಇಎಗೆ ಚಾಯ್ಸ್ (ಸಿಕ್ಕ ಸೀಟು ಇಟ್ಟುಕೊಳ್ತೀವಾ ಅನ್ನೋ ಆಯ್ಕೆ) ಕೊಡೋಕೆ ಹೆಚ್ಚು ದಿನ ಉಳಿದಿಲ್ಲ.

---

ಲೆಕ್ಕದ_ಹಾಳೆ ಉತ್ತರ:

ಮೊದಲು ಒಟ್ಟು ಖರ್ಚು ನೋಡೋಣ. ಬೆಂಗಳೂರಲ್ಲಿ ಫೀಸು 16 ಲಕ್ಷ, ಹಾಸ್ಟೆಲ್ 5.6 ಲಕ್ಷ, ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕ, ಓಡಾಟ ಎಲ್ಲಾ ಹಿಡಿದರೆ ನಾಲ್ಕು ವರ್ಷಕ್ಕೆ 1.2 ಲಕ್ಷ. ಒಟ್ಟು 22.8 ಲಕ್ಷ. ದಾವಣಗೆರೆಯಲ್ಲಿ ಫೀಸು 4.4 ಲಕ್ಷ, ಇತರೆ 1.2 ಲಕ್ಷ, ಒಟ್ಟು 5.6 ಲಕ್ಷ. ವ್ಯತ್ಯಾಸ 17.2 ಲಕ್ಷ. ವರ್ಷಕ್ಕೆ 4 ಲಕ್ಷ ಅನ್ನೋದು ನಾಲ್ಕೂ ವರ್ಷಕ್ಕೆ ಅಷ್ಟೇನಾ ಅಂತ ಬರಹದಲ್ಲಿ ಕೇಳಿ. ವರ್ಷಕ್ಕೆ 5% ಏರಿಸಿದರೂ ಫೀಸೊಂದೇ 17.24 ಲಕ್ಷ ಮುಟ್ಟುತ್ತೆ.

ಇನ್ನು ಸಾಲ. ಪ್ರತಿ ವರ್ಷದ ಶುರುವಲ್ಲಿ 4 ಲಕ್ಷದಂತೆ ಬ್ಯಾಂಕ್ ಬಿಡುಗಡೆ ಮಾಡುತ್ತೆ, ಬಡ್ಡಿ 10.5% ಅಂತ ಇಟ್ಟುಕೊಳ್ಳೋಣ. ಓದಿನ 4 ವರ್ಷ ಮತ್ತು ಆಮೇಲಿನ 1 ವರ್ಷ ಕಂತು ಇರಲ್ಲ. ಹಾಗಂತ ಬಡ್ಡಿ ಸುಮ್ಮನಿರಲ್ಲ. ಮೊದಲ 4 ಲಕ್ಷಕ್ಕೆ 5 ವರ್ಷ, ಎರಡನೆಯದಕ್ಕೆ 4, ಮೂರನೆಯದಕ್ಕೆ 3, ಕೊನೆಯದಕ್ಕೆ 2. ವರ್ಷಕ್ಕೆ 42,000ದಂತೆ ಒಟ್ಟು 14 ವರ್ಷದ ಬಡ್ಡಿ, ಅಂದರೆ 5.88 ಲಕ್ಷ. ಇದು ಸರಳ ಬಡ್ಡಿಯ ಲೆಕ್ಕ. ಕಂತು ಶುರುವಾಗುವ ದಿನ ಇದು ಅಸಲಿಗೆ ಸೇರುತ್ತೆ. ಆವತ್ತಿಗೆ ಸಾಲ 16 ಲಕ್ಷ ಅಲ್ಲ, 21.88 ಲಕ್ಷ.

10 ವರ್ಷಕ್ಕೆ ಹಾಕಿದರೆ ತಿಂಗಳ ಕಂತು ಸುಮಾರು 29,500, ಒಟ್ಟು ಕಟ್ಟೋದು 35.4 ಲಕ್ಷ. 15 ವರ್ಷಕ್ಕೆ ಎಳೆದರೆ ಕಂತು 24,200, ಒಟ್ಟು 43.5 ಲಕ್ಷ. ತಿಂಗಳಿಗೆ 5,300 ಹಗುರಾಗೋಕೆ 8 ಲಕ್ಷ ಜಾಸ್ತಿ ತೆರಬೇಕು.

ದಾವಣಗೆರೆ ಸೀಟಿಗೆ ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಸಾಲ ಮಾಡಿದರೆ ಅದೇ ಬಡ್ಡಿಗೆ 1.47 ಲಕ್ಷ ಸೇರಿ 5.47 ಲಕ್ಷ ಆಗುತ್ತೆ. 7 ವರ್ಷಕ್ಕೆ ಕಂತು 9,200.

ಈಗ ಸಂಬಳದ ಕಡೆ. ದೊಡ್ಡ ಐಟಿ ಸೇವಾ ಕಂಪನಿಗಳು ಸಾಮಾನ್ಯ ಹುದ್ದೆಗೆ ಹೊಸಬರಿಗೆ ಕೊಡೋದು ವರ್ಷಕ್ಕೆ ಮೂರೂಕಾಲರಿಂದ ನಾಲ್ಕು ಲಕ್ಷದ ಆಸುಪಾಸು. 3.6 ಲಕ್ಷ ಸಿಟಿಸಿ (ಕಂಪನಿ ಒಬ್ಬರ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅಂದರೆ ತಿಂಗಳಿಗೆ 30,000. ಅದರೊಳಗೆ ಕಂಪನಿಯ ಪಾಲಿನ ಪಿಎಫ್, ಉದ್ಯೋಗಿಯ ಪಾಲಿನ ಪಿಎಫ್, ಗ್ರಾಚ್ಯುಟಿ, ವಿಮೆ ಎಲ್ಲಾ ಹೋಗಿ ಕೈಗೆ ಬರೋದು ಸುಮಾರು 25,000. ಅಂದರೆ 10 ವರ್ಷದ ಕಂತೇ ಸಂಬಳಕ್ಕಿಂತ ಜಾಸ್ತಿ. ಪಿಜಿ ಬಾಡಿಗೆ, ಊಟ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಕಂತು ಕೈಗೆ ಬರುವ ಸಂಬಳದ ಮೂರನೇ ಒಂದು ಪಾಲು ದಾಟಬಾರದು ಅನ್ನೋದು ನನ್ನ ಅಳತೆ. ಹೆಚ್ಚೆಂದರೆ 40%. 29,500 ಕಂತು 40%ರೊಳಗೆ ಕೂರಬೇಕಾದರೆ ತಿಂಗಳಿಗೆ 74,000 ಕೈಗೆ ಬರಬೇಕು, ಅಂದರೆ ಸಿಟಿಸಿ ಸುಮಾರು 10 ಲಕ್ಷ. 15 ವರ್ಷದ ಕಂತಿಗೂ 8 ಲಕ್ಷದ ಮೇಲಿನ ಕೆಲಸವೇ ಬೇಕು. ಆ ಕಾಲೇಜಿನ ನಡುಮಟ್ಟದ ವಿದ್ಯಾರ್ಥಿಗೆ ಮೊದಲ ಕೆಲಸದಲ್ಲೇ ಅಷ್ಟು ಸಿಗುತ್ತಾ ಅಂತ ಮಾತ್ರ ನೋಡಿ. 42 ಲಕ್ಷದ ಹುಡುಗನ ಫೋಟೋ ನೋಡಬೇಡಿ.

ತೆರಿಗೆ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ಅದನ್ನೂ ಬದಿಗಿಡಿ. ಆದಾಯ ತೆರಿಗೆಯ 80ಇ ಸೆಕ್ಷನ್ ಅಡಿ ಶೈಕ್ಷಣಿಕ ಸಾಲದ ಬಡ್ಡಿಗೆ ಸಿಗುವ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದೂ 8 ವರ್ಷ. ಹೊಸ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ 2025-26ರಿಂದ ತೆರಿಗೆಯೇ ಇಲ್ಲ. ಹೊಸಬರಿಗೆ 80ಇಯಿಂದ ಉಳಿಯೋದು ಏನೂ ಇಲ್ಲ.

ಇನ್ನೊಂದು. ಫೀಸಿಗೆ ಸಾಲ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಹಾಸ್ಟೆಲ್ಲು, ಇತರೆ ಖರ್ಚು ಸೇರಿ ವರ್ಷಕ್ಕೆ 1.7 ಲಕ್ಷ ಆಗುತ್ತೆ, ಅದು ಮನೆಯ 4 ಲಕ್ಷದ ಆದಾಯದಿಂದಲೇ ಹೋಗಬೇಕು. ಒಂದು ವರ್ಷ ಅಡಿಕೆ ದರ ಬಿದ್ದರೆ, ಕೊಳೆ ರೋಗ ಬಂದರೆ? ತಂಗಿ ಡಿಗ್ರಿ ಮುಗಿಸುವ ವರ್ಷಕ್ಕೆ ಸರಿಯಾಗಿ ತಮ್ಮ ಪಿಯು ಮುಗಿಸ್ತಾನೆ. ಅಷ್ಟರಲ್ಲಿ ಮನೆಯ ಅಡಮಾನ ಎಲ್ಲಾ ಬ್ಯಾಂಕಿನಲ್ಲಿ ಇರುತ್ತೆ.

---

ಸಾಲ_ಕಡತ ಉತ್ತರ:

ಮೇಲಿನ ಲೆಕ್ಕ ಸರಿ ಇದೆ. ಸಾಲ ಸಿಗುತ್ತಾ ಅನ್ನೋದಕ್ಕೆ ಉತ್ತರ ಹೇಳ್ತೀನಿ.

ಸರ್ಕಾರಿ ಬ್ಯಾಂಕ್‌ಗಳ ಮಾದರಿ ಶೈಕ್ಷಣಿಕ ಸಾಲದಲ್ಲಿ ಮೂರು ಮೆಟ್ಟಿಲು. 4 ಲಕ್ಷದವರೆಗೆ ಅಡಮಾನ ಬೇಡ, ಕೈಯಿಂದ ಹಾಕುವ ಮಾರ್ಜಿನ್ನೂ ಇಲ್ಲ. 4ರಿಂದ 7.5 ಲಕ್ಷದವರೆಗೆ 5% ಮಾರ್ಜಿನ್, ಅಡಮಾನ ಇಲ್ಲ, ಕೇಂದ್ರದ ಸಾಲ ಖಾತರಿ ನಿಧಿಯ ರಕ್ಷಣೆ ಇರುತ್ತೆ. 7.5 ಲಕ್ಷ ದಾಟಿದರೆ ಸಾಲಕ್ಕೆ ತಕ್ಕ ಆಸ್ತಿ ಅಡಮಾನ ಬೇಕು. ತಂದೆ ಅಥವಾ ತಾಯಿ ಸಹಸಾಲಗಾರರಾಗೋದು ಮೂರಕ್ಕೂ ಕಡ್ಡಾಯ.

ಜನ ಎಡವೋದು ಇಲ್ಲೇ ನೋಡ್ರಿ. ಕೃಷಿ ಜಮೀನನ್ನು ಶೈಕ್ಷಣಿಕ ಸಾಲಕ್ಕೆ ಅಡಮಾನವಾಗಿ ತಗೊಳ್ಳೋಕೆ ಬ್ಯಾಂಕ್‌ಗಳು ಹಿಂದೇಟು ಹಾಕ್ತವೆ. ಸಾಲ ನಿಂತರೆ ಕೋರ್ಟಿಗೆ ಹೋಗದೆ ಆಸ್ತಿ ವಶಕ್ಕೆ ತಗೊಳ್ಳುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸಲ್ಲ, ಅದೇ ಕಾರಣ. ಮನೆ, ಅಲಿನೇಷನ್ ಆದ (ಕೃಷಿಯಿಂದ ಬೇರೆ ಬಳಕೆಗೆ ಬದಲಾದ) ಸೈಟು, ಎಫ್‌ಡಿ, ಎಲ್‌ಐಸಿ ಪಾಲಿಸಿ ಕೇಳ್ತಾರೆ. ನಿಮ್ಮ ಪಹಣಿಯ 11ನೇ ಕಾಲಂನಲ್ಲಿ ಸೊಸೈಟಿ ಸಾಲದ ಋಣ ಈಗಾಗಲೇ ಕೂತಿರುತ್ತೆ, ಅದರ ಮೇಲೆ ಇನ್ನೊಂದು ಅಡಮಾನ ಇನ್ನೂ ಕಷ್ಟ. ಹಾಗಾಗಿ 16 ಲಕ್ಷ ಬೇಕಾದರೆ ಊರಿನ ಮನೆಯೋ ಯಾರದೋ ಸೈಟೋ ತರಬೇಕು, ಇಲ್ಲಾ ಖಾಸಗಿ ಹಣಕಾಸು ಸಂಸ್ಥೆಗೆ ಹೋಗಬೇಕು. ಅಲ್ಲಿ ಬಡ್ಡಿ ಹೆಚ್ಚು. ಎಷ್ಟೋ ಕಡೆ ಓದುವಾಗಲೇ ಬಡ್ಡಿ ಕಟ್ಟಿಸಿಕೊಳ್ತಾರೆ, ವಿಮೆ ಪ್ರೀಮಿಯಂ ಕೂಡ ಸಾಲಕ್ಕೇ ಸೇರಿಸ್ತಾರೆ. ಮಂಜೂರಾತಿ ಪತ್ರದಲ್ಲಿ ಆ ಎರಡು ಸಾಲು ಹುಡುಕಿ ಓದಿ.

ಮ್ಯಾನೇಜ್‌ಮೆಂಟ್ ಸೀಟಿಗೆ ಇನ್ನೂ ಒಂದು ತೊಡಕು. ನಿಗದಿಯಾದ ಶುಲ್ಕಕ್ಕೆ, ರಸೀದಿ ಇರುವ ಮೊತ್ತಕ್ಕೆ ಮಾತ್ರ ಬ್ಯಾಂಕ್ ಸಾಲ ಕೊಡುತ್ತೆ, ಡಿಡಿ ಅಥವಾ ನೇರ ವರ್ಗಾವಣೆ ಕಾಲೇಜಿನ ಖಾತೆಗೇ ಹೋಗುತ್ತೆ. 2024ರ ನವೆಂಬರ್‌ನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವಿಲ್ಲದ ಸಾಲ ಸಿಗುತ್ತೆ, 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ 3% ಬಡ್ಡಿ ಸಹಾಯವೂ ಇದೆ. ಆದರೆ ಪಟ್ಟಿಯಲ್ಲಿರುವ ಕಾಲೇಜಿಗೆ ಮಾತ್ರ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಅದು ಇಲ್ಲ.

ನಿಮ್ಮ ಆದಾಯ 4.5 ಲಕ್ಷದೊಳಗೆ ಇರೋದ್ರಿಂದ ಸಿಇಟಿ ಸೀಟಿಗೆ ದೊಡ್ಡ ಅನುಕೂಲ ಇದೆ. ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯಲ್ಲಿ ಓದಿನ ಅವಧಿ ಮತ್ತು 1 ವರ್ಷದ ಪೂರ್ತಿ ಬಡ್ಡಿ ಸರ್ಕಾರವೇ ಕಟ್ಟುತ್ತೆ. ಕಾಲೇಜಿಗೆ ನ್ಯಾಕ್ ಮಾನ್ಯತೆ ಅಥವಾ ಆ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು (ಎರಡೂ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಗಳು). ಇಸಿ ವಿಭಾಗದ ಎನ್‌ಬಿಎ ಪತ್ರ ಯಾವ ವರ್ಷದವರೆಗೆ ಇದೆ ಅಂತ ಕಾಲೇಜಲ್ಲಿ ಕೇಳಿ. ಆಗ ಮೇಲೆ ಹೇಳಿದ 1.47 ಲಕ್ಷ ಹೋಗಿ 4 ಲಕ್ಷಕ್ಕೆ ಮಾತ್ರ ಕಂತು, 7 ವರ್ಷಕ್ಕೆ ತಿಂಗಳಿಗೆ ಸುಮಾರು 6,750. ಮಧ್ಯದಲ್ಲಿ ಓದು ಬಿಟ್ಟರೆ ಈ ಸಹಾಯಧನ ತಪ್ಪುತ್ತೆ. ತಹಶೀಲ್ದಾರ್ ಆದಾಯ ಪ್ರಮಾಣಪತ್ರವನ್ನು ಸಾಲದ ಅರ್ಜಿಯ ಜೊತೆಗೇ ಕೊಡಿ. ಆಮೇಲೆ ಕೊಡ್ತೀವಿ ಅಂದವರ ಕಡತದಲ್ಲಿ ಸಹಾಯಧನದ ಗುರುತು ಬೀಳದೆ ಹೋಗೋದೇ ಹೆಚ್ಚು. ಹೆಣ್ಣುಮಕ್ಕಳಿಗೆ ಹಲವು ಸರ್ಕಾರಿ ಬ್ಯಾಂಕ್‌ಗಳು ಅರ್ಧ ಪರ್ಸೆಂಟ್ ಬಡ್ಡಿ ಕಡಿಮೆ ಮಾಡ್ತವೆ, ಅದನ್ನೂ ಕೇಳಿ ಹಾಕಿಸಿ.

ಬ್ಯಾಂಕಿಗೆ ಹೋಗೋ ಮೊದಲು ಅಪ್ಪನ ಸಿಬಿಲ್ ವರದಿ (ಹಿಂದಿನ ಸಾಲ ತೀರಿಸಿದ ದಾಖಲೆ) ತೆಗೆಸಿ ನೋಡಿ. ಹಳೇ ಟ್ರ್ಯಾಕ್ಟರ್ ಸಾಲ, ಬೈಕ್ ಸಾಲ ಒನ್ ಟೈಮ್ ಸೆಟ್ಲ್‌ಮೆಂಟ್ ಆಗಿದ್ದರೆ "ಸೆಟಲ್ಡ್" ಅಂತ ಇರುತ್ತೆ, ಅರ್ಜಿ ನಿಲ್ಲೋದು ಬಹಳ ಸಲ ಅಲ್ಲೇ. ಮುಂದೆ ಮಗಳ ಕಂತು 90 ದಿನ ಬಾಕಿ ಬಿದ್ದರೂ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತೆ. ಆಗ ಸಹಸಾಲಗಾರನಾದ ಅಪ್ಪನ ಹೆಸರೂ ಕೆಡುತ್ತೆ, ಬ್ಯಾಂಕಿನಲ್ಲಿ ಬೆಳೆ ಸಾಲ ಕೇಳುವಾಗ ಅಡ್ಡ ಬರುತ್ತೆ.

ಸೊಸೈಟಿಯ ಶೂನ್ಯ ಬಡ್ಡಿ ಸಾಲ ಎತ್ತಿ ಫೀಸು ಕಟ್ಟುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದು ವರ್ಷದೊಳಗೆ ತಿರುಗಿಸಿದರೆ ಮಾತ್ರ ಶೂನ್ಯ ಬಡ್ಡಿ.

---

ಫಲಿತಾಂಶ_ಓದುಗ ಉತ್ತರ:

92% ಹೇಗೆ ಹುಟ್ಟುತ್ತೆ ಅಂತ ನಾನು ಬಿಡಿಸ್ತೀನಿ.

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಕಾಲೇಜು ತಾನು ಸಲ್ಲಿಸಿದ ಮಾಹಿತಿಯನ್ನು ತನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು. ಪುಟದ ಕೆಳಗಡೆ ಎನ್‌ಐಆರ್‌ಎಫ್ ಅನ್ನೋ ಕೊಂಡಿ ಇರುತ್ತೆ. ಆ ಪಿಡಿಎಫ್‌ನಲ್ಲಿ "ಯುಜಿ 4 ವರ್ಷ" ಅನ್ನುವ ಕೋಷ್ಟಕ ತೆಗೆಯಿರಿ. ಮೂರು ಬ್ಯಾಚಿನ ಸಾಲುಗಳಿರುತ್ತವೆ: ಮೊದಲ ವರ್ಷಕ್ಕೆ ಸೇರಿದವರು, ನಿಗದಿತ ಅವಧಿಯಲ್ಲಿ ಪಾಸಾದವರು, ಕೆಲಸ ಸಿಕ್ಕವರು, ಅವರ ಮಧ್ಯಮ ಸಂಬಳ (ಮೀಡಿಯನ್: ಅರ್ಧ ಜನರಿಗೆ ಇದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಡಿಮೆ), ಮುಂದೆ ಓದಲು ಹೋದವರು.

ಒಂದು ಕಾಲ್ಪನಿಕ ಉದಾಹರಣೆ. ಸೇರಿದವರು 720, ಸಮಯಕ್ಕೆ ಪಾಸಾದವರು 540, ಕೆಲಸ ಸಿಕ್ಕವರು 330, ಮಧ್ಯಮ ಸಂಬಳ 4.2 ಲಕ್ಷ. ಸೇರಿದವರ ಲೆಕ್ಕದಲ್ಲಿ ಕೆಲಸ ಸಿಕ್ಕಿದ್ದು 46%. ಪುಸ್ತಿಕೆಯವರು ಮಾಡೋದು ಬೇರೆ: ಬ್ಯಾಕ್‌ಲಾಗ್ ಇಲ್ಲದ, 60% ದಾಟಿದ, ಪ್ಲೇಸ್‌ಮೆಂಟ್‌ಗೆ ಹೆಸರು ಕೊಟ್ಟ 358 ಜನರನ್ನು ಮಾತ್ರ ಎಣಿಸಿ 330ನ್ನು ಆ 358ರಿಂದ ಭಾಗಿಸ್ತಾರೆ. ಬಂತು 92%. ಎರಡೂ ಒಂದೇ ಕಾಲೇಜು. ಮಧ್ಯಮ ಸಂಬಳ ಕೂಡ ಆ 330 ಜನರದ್ದು, ಅಂದರೆ 4.2 ಲಕ್ಷವೋ ಅದಕ್ಕಿಂತ ಹೆಚ್ಚೋ ಪಡೆದವರು 165 ಮಂದಿ. ಸೇರಿದ 100 ಜನರಲ್ಲಿ 23.

ಸರಾಸರಿ ಅನ್ನೋದಂತೂ ನೋಡಲೇಬೇಡಿ. ಹತ್ತು ಜನರಲ್ಲಿ ಒಂಬತ್ತು ಮಂದಿಗೆ 3.6 ಲಕ್ಷ, ಒಬ್ಬರಿಗೆ 42 ಲಕ್ಷ ಬಂದರೆ ಸರಾಸರಿ 7.44 ಲಕ್ಷ. ಆ ಸಂಬಳ ಹತ್ತರಲ್ಲಿ ಒಬ್ಬರಿಗೂ ಬಂದಿಲ್ಲ. ಆ 42ರಲ್ಲೂ ಸೇರುವಾಗಿನ ಬೋನಸ್, ಎರಡು ವರ್ಷ ಉಳಿದರೆ ಕೊಡುವ ಬೋನಸ್, ಷೇರು ಎಲ್ಲಾ ಕೂಡಿಸಿರಬಹುದು.

ಈ ಕೋಷ್ಟಕದ ಒಂದು ಕೊರತೆ ಅಂದರೆ ಎಲ್ಲಾ ಬ್ರಾಂಚೂ ಒಟ್ಟಿಗೇ ಇರುತ್ತೆ. ಅದಕ್ಕೇ ಪ್ಲೇಸ್‌ಮೆಂಟ್ ಕಚೇರಿಗೆ ಈ ಮಾತು ಕೇಳಿ: ಕಳೆದ ಬ್ಯಾಚಿನ ಸಿಎಸ್‌ನಲ್ಲಿ ಎಷ್ಟು ಜನ ಇದ್ದರು, ಆಫರ್ ಎಷ್ಟು, ಆಫರ್ ಸಿಕ್ಕ ವಿದ್ಯಾರ್ಥಿಗಳೆಷ್ಟು, ನಿಜಕ್ಕೂ ಕೆಲಸಕ್ಕೆ ಸೇರಿದವರೆಷ್ಟು? ಒಬ್ಬಳಿಗೇ ಮೂರು ಆಫರ್ ಬಂದರೆ ಮೂರು ಅಂತ ಎಣಿಸೋದು ಮಾಮೂಲಿ. ಆಫರ್ ಕೊಟ್ಟು ತಿಂಗಳುಗಟ್ಟಲೆ ಸೇರಿಸಿಕೊಳ್ಳದ ಕಂಪನಿಗಳೂ ಇವೆ, ಸಾಲದ ಆ ಒಂದು ವರ್ಷದ ಗಡುವು ಅದಕ್ಕಾಗಿ ಕಾಯಲ್ಲ. ಬ್ರಾಂಚ್‌ವಾರು ಅಂಕಿ ಕೊಡಲ್ಲ ಅಂದರೆ ಅದನ್ನೇ ಉತ್ತರ ಅಂತ ತಗೊಳ್ಳಿ.

ತಾಂತ್ರಿಕ ಶಿಕ್ಷಣದ ನಿಯಂತ್ರಕ ಸಂಸ್ಥೆ ಎಐಸಿಟಿಇ 2024-25ರಿಂದ ಸೀಟಿನ ಮಿತಿ ಸಡಿಲಿಸಿದ ಮೇಲೆ ಸಿಎಸ್ ವಿಭಾಗಗಳು ಹಿಗ್ಗಿವೆ. ಒಂದೇ ಕಾಲೇಜಲ್ಲಿ ಎಷ್ಟು ಸೆಕ್ಷನ್ ಅಂತ ಕೇಳಿ. ನಿಮ್ಮ ತಂಗಿ ಹೊರಬರುವ ವರ್ಷ ಅದೇ ಕಂಪನಿಗಳ ಮುಂದೆ ಅಷ್ಟೂ ಜನ ನಿಂತಿರ್ತಾರೆ. ಹಳೇ ಬ್ಯಾಚಿನ ಅಂಕಿಯನ್ನು ಹೊಸ ಬ್ಯಾಚಿಗೆ ಹಾಕೋಕೆ ಬರಲ್ಲ.

ಇಸಿ ಬಗ್ಗೆ: ದೊಡ್ಡ ಐಟಿ ಸೇವಾ ಕಂಪನಿಗಳು ಬ್ರಾಂಚ್ ನೋಡದೆ ಪರೀಕ್ಷೆ ಬರೆಸ್ತವೆ. ಇಸಿ ಹುಡುಗಿಗೆ ಸಾಫ್ಟ್‌ವೇರೂ ಇದೆ, ಎಂಬೆಡೆಡ್ಡೂ ಇದೆ, ಚಿಪ್ ವಿನ್ಯಾಸವೂ ಇದೆ. ಕೊರತೆ ಬೀಳೋದು ಡೇಟಾ ಸ್ಟ್ರಕ್ಚರ್ಸ್, ಡಿಬಿಎಂಎಸ್, ಆಪರೇಟಿಂಗ್ ಸಿಸ್ಟಮ್‌ನಲ್ಲಿ. ಮೂರನೇ ಸೆಮಿಸ್ಟರ್‌ನಿಂದ ಆರನೆಯದರವರೆಗೆ ಅದನ್ನು ತಾನೇ ಓದಬೇಕು. ಐಐಟಿಗಳ ಆನ್‌ಲೈನ್ ತಾಣ ಎನ್‌ಪಿಟಿಇಎಲ್‌ನ ಪಾಠ ಪುಕ್ಕಟೆ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. 17 ಲಕ್ಷ ಜಾಸ್ತಿ ಬೀಳುವ ಸಿಎಸ್‌ಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಆದರೆ ಅವಳೇ ಕೂತು ಓದಬೇಕು, ಅದನ್ನು ಅವಳಿಗೆ ಮೊದಲೇ ಬಿಡಿಸಿ ಹೇಳಿ.

---

ದುರ್ಗದ_ಕಡೆಯವರು ಉತ್ತರ:

ಎಲ್ಲರೂ ಒಂದೇ ಕಡೆ ವಾಲಿದ್ದೀರಿ, ಸ್ವಲ್ಪ ಭಿನ್ನವಾಗಿ ಹೇಳ್ತೀನಿ. ಸಾಲ ಅಂದ ತಕ್ಷಣ ಹೆದರೋದೂ ಸರಿಯಲ್ಲ. ಅದೇ ಸಿಎಸ್ ಸೀಟು ಬೆಂಗಳೂರಿನ ಹಳೇ, ಗಟ್ಟಿ ಕಾಲೇಜೊಂದರಲ್ಲಿ ಸಿಇಟಿ ಮೂಲಕ ಸಿಕ್ಕಿ, ಮಧ್ಯಮ ಸಂಬಳ 8 ಲಕ್ಷ ದಾಟಿದ್ದರೆ ಹಾಸ್ಟೆಲ್ ಸೇರಿಸಿ 7.5 ಲಕ್ಷ ಸಾಲ ಮಾಡಿ ಕಳಿಸಿ ಅಂತಲೇ ಹೇಳ್ತಿದ್ದೆ. ಇಲ್ಲಿ ಕೆಟ್ಟಿರೋದು ಸಾಲದ ಮೊತ್ತ ಮತ್ತು ಆ ಕಾಲೇಜಿನ ಫಲಿತಾಂಶದ ನಡುವಿನ ಅಂತರ.

ಹಾಗಾಗಿ ಇನ್ನೂ ನೋಡಬೇಕಾದ ದಾರಿ ಇವೆ. ಆದಾಯ 8 ಲಕ್ಷದೊಳಗೆ ಇರೋರಿಗೆ ಎಸ್‌ಎನ್‌ಕ್ಯೂ ಸೀಟು, ಅಂದರೆ ಪ್ರತಿ ಕೋರ್ಸಿಗೆ 5% ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಇಲ್ಲ. ಕೆಇಎ ಮೂಲಕವೇ ಹಂಚಿಕೆ. ಆಪ್ಷನ್ ಪಟ್ಟಿಯಲ್ಲಿ (ಬೇಕಾದ ಕಾಲೇಜು, ಕೋರ್ಸು ಕ್ರಮವಾಗಿ ತುಂಬುವ ಪಟ್ಟಿ) ಅದು ಬಂದಿದೆಯಾ ನೋಡಿ. ದಾವಣಗೆರೆಯ ಯುಬಿಡಿಟಿ 1951ರ ಎಂಜಿನಿಯರಿಂಗ್ ಕಾಲೇಜು, ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿವಿಯದೇ (ವಿಟಿಯು) ಘಟಕ ಕಾಲೇಜು. 2024ರಲ್ಲಿ ಅಲ್ಲಿ ಪೇಮೆಂಟ್ ಕೋಟಾದ ಸೀಟುಗಳೂ ಇದ್ದವು, ವಿದ್ಯಾರ್ಥಿಗಳು ಅದರ ವಿರುದ್ಧ ಬೀದಿಗಿಳಿದಿದ್ದರು. ಆದ್ದರಿಂದ ಆಪ್ಷನ್ ಹಾಕುವಾಗ ಯಾವ ಶುಲ್ಕದ ಸೀಟು ಅಂತ ನೋಡಿಕೊಂಡು ಹಾಕಿ. ಚಳ್ಳಕೆರೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಫೀಸು ಖಾಸಗಿಗಿಂತ ಎಷ್ಟೋ ಕಡಿಮೆ. ಚಿತ್ರದುರ್ಗದ ಕಾಲೇಜಿನ ಸಿಎಸ್ ಕೂಡ ಪಟ್ಟಿಯಲ್ಲಿ ಇಸಿಗಿಂತ ಮೇಲಿಡಬಹುದು, ಅವಳ ರ‍್ಯಾಂಕಿಗೆ ಹೋದ ವರ್ಷದ ಕಟ್ ಆಫ್ ಹೊಂದುತ್ತಾ ನೋಡಿ.

ನಿಗಮಗಳ ಸಾಲ ಯಾರೂ ಹೇಳಲಿಲ್ಲ. ಸಿಇಟಿಯಲ್ಲಿ ಸೀಟು ಸಿಕ್ಕ ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ಅರಿವು ಯೋಜನೆ, ವೀರಶೈವ ಲಿಂಗಾಯತರಿಗೆ ಅವರ ನಿಗಮದ ಬಸವ ಬೆಳಗು, ಅಲ್ಪಸಂಖ್ಯಾತರಿಗೆ ಅವರ ನಿಗಮದ ಅರಿವು. ಮೊದಲ ಎರಡರಲ್ಲಿ ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ 2%. ಪ್ರತಿ ವರ್ಷ ಪಾಸಾದ ಅಂಕಪಟ್ಟಿ ಕೊಟ್ಟು ನವೀಕರಿಸಬೇಕು. ದುಡ್ಡು ಬರೋದು ತಡವಾಗಬಹುದು, ಮೊದಲ ಕಂತಿನ ಫೀಸು ಕೈಯಲ್ಲಿ ಇಟ್ಟುಕೊಂಡೇ ಅರ್ಜಿ ಹಾಕಿ.

---

ಚನ್ನಗಿರಿ_ತೋಟ:

ಎಲ್ಲರಿಗೂ ಧನ್ಯವಾದ. ಆ ಕಾಲೇಜಿನ ಎನ್‌ಐಆರ್‌ಎಫ್ ಕಡತ ತೆಗೆದು ನೋಡಿದೆ. ಮಧ್ಯಮ ಸಂಬಳ 4.5 ಲಕ್ಷ ಇದೆ, ಸೇರಿದವರಲ್ಲಿ ಅರ್ಧಕ್ಕಿಂತ ಕಡಿಮೆ ಜನರಿಗೆ ಕೆಲಸ. ಈ ಮಧ್ಯೆ ಏಜೆಂಟ್ ಒಬ್ಬರು ಇವತ್ತೇ 50,000 ಕಟ್ಟಿ ಸೀಟು ಬ್ಲಾಕ್ ಮಾಡಿ, ಉಳಿದಿದ್ದು ಡೊನೇಷನ್ ಲೆಕ್ಕದಲ್ಲಿ ಆಮೇಲೆ ನೋಡೋಣ ಅಂತಿದ್ದಾರೆ. ಮಾರ್ಕ್ಸ್ ಕಾರ್ಡ್ ಮೂಲ ಪ್ರತಿಯನ್ನೂ ಕೇಳಿದ್ದಾರೆ.

---

ಸಾಲ_ಕಡತ:

ಕಟ್ಟಬೇಡಿ. ಏಜೆಂಟ್ ಖಾತೆಗೆ ಒಂದು ರೂಪಾಯಿಯೂ ಹಾಕಬೇಡಿ, ಕಾಲೇಜಿನ ಹೆಸರಿನ ರಸೀದಿ ಇಲ್ಲದ ದುಡ್ಡು ವಾಪಸ್ ಕೇಳೋಕೂ ಆಧಾರ ಇರಲ್ಲ. ಕರ್ನಾಟಕದಲ್ಲಿ 1984ರ ಕಾಯ್ದೆ ಪ್ರಕಾರ ಕ್ಯಾಪಿಟೇಷನ್ ಶುಲ್ಕ ನಿಷಿದ್ಧ, ಅಂಥ ಮೊತ್ತಕ್ಕೆ ಬ್ಯಾಂಕ್ ಸಾಲವೂ ಸಿಗಲ್ಲ. ಮೂಲ ದಾಖಲೆ ಪರಿಶೀಲನೆಗೆ ತೋರಿಸಿ ವಾಪಸ್ ತಗೊಂಡು ಬನ್ನಿ, ಕಾಲೇಜು ಅದನ್ನು ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ, ಎಐಸಿಟಿಇ ಎರಡೂ ಹೇಳಿವೆ. ಮೂಲ ಅಂಕಪಟ್ಟಿ ಅಲ್ಲಿ ಸಿಕ್ಕಿಹಾಕಿಕೊಂಡರೆ ಸಿಇಟಿ ಸೀಟಿಗೆ ವರದಿ ಮಾಡಿಕೊಳ್ಳೋಕೇ ಆಗಲ್ಲ.

---

ಲೆಕ್ಕದ_ಹಾಳೆ:

ಮಧ್ಯಮ 4.5 ಲಕ್ಷ ಅಂದರೆ ಕೈಗೆ 31ರಿಂದ 33 ಸಾವಿರ, ಕಂತು 29,500. ಈ ಸೀಟು ಲೆಕ್ಕಕ್ಕೆ ಕೂರಲ್ಲ.

ದಾವಣಗೆರೆ ಸೀಟು ಹಿಡಿದರೆ ಒಂದು ಕೆಲಸ ಮಾಡಿ. ಬಡ್ಡಿ ಸಹಾಯಧನ ಸಿಗದೇ ಹೋದ ಪಕ್ಷದಲ್ಲಿ ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋಗಿ. ಮೊದಲ ವರ್ಷ ತಿಂಗಳಿಗೆ 875, ಎರಡನೇ ವರ್ಷ 1,750, ಮೂರನೇ ವರ್ಷ 2,625, ಆಮೇಲೆ 3,500. ಹೀಗೆ ಕಟ್ಟಿದವರಿಗೆ ಕೆಲವು ಬ್ಯಾಂಕ್‌ಗಳು ಆ ಅವಧಿಯ ಬಡ್ಡಿಯಲ್ಲಿ 1% ಬಿಡ್ತವೆ. ತಿಂಗಳು ತಿಂಗಳು ಕಷ್ಟ ಆದರೆ ಅಡಿಕೆ ಮಾರಿದಾಗ ವರ್ಷದ್ದು ಒಟ್ಟಿಗೆ ಕಟ್ಟಿ, ರಸೀದಿಯಲ್ಲಿ ಬಡ್ಡಿಗೆ ಜಮಾ ಅಂತ ಬರೆಸಿಕೊಳ್ಳಿ.

---

ದುರ್ಗದ_ಕಡೆಯವರು:

ಚಾಯ್ಸ್ ಬಗ್ಗೆ ಹೇಳೋದಾದರೆ, ಈಗಿನ ಸೀಟೇ ಸಾಕು ಅಂದರೆ ಚಾಯ್ಸ್ 1. ಯುಬಿಡಿಟಿ, ಎಸ್‌ಎನ್‌ಕ್ಯೂ ಅಥವಾ ದುರ್ಗದ ಸಿಎಸ್ ಆಸೆ ಇದ್ದರೆ ಚಾಯ್ಸ್ 2: ಈ ಸೀಟು ಕೈಯಲ್ಲಿ ಉಳಿಯುತ್ತೆ, ಮೇಲಿನ ಆಪ್ಷನ್ ಸಿಕ್ಕರೆ ಇದು ತಾನಾಗೇ ಹೋಗುತ್ತೆ. ಅದಕ್ಕೇ ಬೇಡದ ಕಾಲೇಜುಗಳನ್ನು ಪಟ್ಟಿಯ ಮೇಲ್ಭಾಗದಿಂದ ಮೊದಲು ಅಳಿಸಿ. ಚಾಯ್ಸ್ 3 ಕೊಟ್ಟರೆ ಈ ಸೀಟು ಬಿಟ್ಟ ಹಾಗೆ, ಅದನ್ನು ಕೊಡಬೇಡಿ. ಶುಲ್ಕದ ಚಲನ್ನಿನ ಕೊನೆ ದಿನ ಕೆಇಎ ಪುಟದಲ್ಲೇ ನೋಡಿಕೊಳ್ಳಿ, ಸೈಬರ್ ಸೆಂಟರ್‌ನವರ ಮಾತಿನ ಮೇಲೆ ಬಿಡಬೇಡಿ.